ಚಾ ಬ್ಯಾಡ ಸ್ವಾಮಿ, ನನ್ ದುಡ್ ಕೊಡಿ!



ಹೋರಾಟ ಎಂದರೆ ಘೋಷಣೆ, ಬಾವುಟ, ಬಂದ್ ಇಷ್ಟೇ ಎಂದು ತಿಳಿದವರು ಬಹಳ. ಅವೆಲ್ಲ ಇರಲಿ. ಕನ್ನಡಿಗನ ಕೈಯಲ್ಲಿ ಇನ್ನೊಂದು ಅಸ್ತ್ರವಿದೆ. ಅದನ್ನು ನಾವು ತುಕ್ಕು ಹಿಡಿಯಲು ಬಿಟ್ಟಿದ್ದೇವೆ. ಅದು ನಗೆ!

ನಮ್ಮ ಮುದ್ರಣಾಲಯಕ್ಕೆ ಹಸ್ತಪ್ರತಿ ಹಿಡಿದು ಬರುವ ಹುಡುಗರಲ್ಲಿ ಹೆಚ್ಚಿನವರು ತರುವುದು ಕವನ. ಅಪರೂಪಕ್ಕೊಬ್ಬ ಹಿಂಜರಿಯುತ್ತ ಕೇಳುತ್ತಾನೆ: "ಅಣ್ಣಾ, ಕೌಂಟರಿನಲ್ಲಿ ಗಿರಾಕಿಗಳ ಹತ್ರ ನಡೆದ ತಮಾಷೆಗಳನ್ನೆಲ್ಲ ಬರೆದಿಟ್ಟಿದೀನಿ. ಇದೂ ಪುಸ್ತಕ ಆಗುತ್ತಾ? ಯಾರಾದ್ರೂ ಓದ್ತಾರಾ?"

ಆಗುತ್ತದೆ. ಓದುತ್ತಾರೆ. ಆದರೆ ಅಚ್ಚಿಗೆ ಹೋಗುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಬೇಕು. ಆ ಪುಸ್ತಕದಲ್ಲಿ ಯಾರನ್ನು ನೋಡಿ ಯಾರು ನಗುತ್ತಾರೆ?

ಹಳೇಬೀಡು, ಹುಲಿಕೆರೆ ಕಡೆ ಬಾಯಿಂದ ಬಾಯಿಗೆ ಓಡಾಡುವ ಒಂದು ಕಥೆ ಕೇಳಿ. ವೃದ್ಧಾಪ್ಯ ವೇತನ ತರಲು ಅಜ್ಜಿಯೊಬ್ಬಳು ಬ್ಯಾಂಕಿಗೆ ಹೋದಳು. ಕೌಂಟರಿನೊಳಗಿದ್ದ ಹೊಸ ಸಾಹೇಬ ತಲೆ ಎತ್ತದೆ, "ಕ್ಯಾ ಚಾಹಿಯೇ?" ಎಂದ. ಅಜ್ಜಿ ಕೈ ಮುಗಿದು, "ಚಾ ಬ್ಯಾಡ ಸ್ವಾಮಿ, ಈಗ್ ತಾನೆ ಕುಡ್ಕೊಂಡ್ ಬಂದೆ. ನನ್ ದುಡ್ ಕೊಡಿ" ಎಂದಳು. ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅಜ್ಜಿಯ ಮುಖ ಸಣ್ಣಗಾಯಿತು. ಅರ್ಥವಾಗದ ಫಾರಂ ಒಂದನ್ನು ಕೈಗೆ ಹಿಡಿದು, ಹಣವಿಲ್ಲದೆ ಊರಿಗೆ ಹಿಂತಿರುಗಿದಳು.

ಈ ಕಥೆಯನ್ನು ಎರಡು ಬಗೆಯಲ್ಲಿ ಬರೆಯಬಹುದು. "ಅಯ್ಯೋ, ಹಳ್ಳಿ ಗುಗ್ಗು" ಎಂದು ಬರೆದರೆ ಅದು ಅಗ್ಗದ ಜೋಕು. ಸರಿಯಾಗಿ ಬರೆದರೆ ಅದೊಂದು ಆರೋಪಪಟ್ಟಿ! ದಡ್ಡತನ ಯಾರದು? ತನ್ನ ಊರಿನಲ್ಲಿ, ತನ್ನ ಭಾಷೆಯಲ್ಲಿ, ತನಗೆ ಬರಬೇಕಾದ ಹಣ ಕೇಳಿದವಳದೋ? ಆ ಊರಿನ ಅನ್ನ ಉಂಡು ನಾಲ್ಕು ಮಾತು ಕಲಿಯದವನದೋ? ಅವನನ್ನು ಕಲಿಸದೆಯೇ ಕುರ್ಚಿಯ ಮೇಲೆ ಕೂರಿಸಿದವರದೋ?

ಇದೇ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸುಮಾರು ಕ್ರಿ.ಶ. 450ರ ಹೊತ್ತಿಗೇ ದಾನದ ದಾಖಲೆಯನ್ನು ಕನ್ನಡದಲ್ಲಿ ಕಲ್ಲಿನ ಮೇಲೆ ಕೆತ್ತಿದರು. ಒಂದೂವರೆ ಸಾವಿರ ವರ್ಷದ ಹಿಂದೆ ವ್ಯವಹಾರಕ್ಕೆ ಸಾಕಾದ ಕನ್ನಡ ಇಂದಿನ ಚಲನ್ನಿಗೆ ಸಾಲದೇ? ಖಾತೆ ತೆರೆಯುವ ಫಾರಂ, ಚಲನ್, ಪಾಸ್‌ಬುಕ್ ಎಲ್ಲವೂ ಇಂಗ್ಲಿಷ್, ಹಿಂದಿಯ ಜೊತೆಗೆ ಆಯಾ ಪ್ರಾದೇಶಿಕ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕಿನ 2015ರ ಗ್ರಾಹಕ ಸೇವಾ ಸುತ್ತೋಲೆಯೇ ಹೇಳಿತ್ತು. ಅತ್ತ ಕನ್ನಡದ ಮಣ್ಣಿನಲ್ಲಿ ಹುಟ್ಟಿದ ಬ್ಯಾಂಕುಗಳು ಒಂದೊಂದಾಗಿ ಕರಗಿದವು. 2017ರಲ್ಲಿ ಮೈಸೂರು ಬ್ಯಾಂಕ್, 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಕಾರ್ಪೊರೇಷನ್ ಮತ್ತು ಸಿಂಡಿಕೇಟ್. 2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಸೂರ್ಯನಗರದ ಸ್ಟೇಟ್ ಬ್ಯಾಂಕ್ ಶಾಖೆಯ ಅಧಿಕಾರಿ ಕನ್ನಡ ಮಾತಾಡುವುದಿಲ್ಲ ಎಂದ ವಿಡಿಯೊ ನಾಡೆಲ್ಲ ಹರಡಿತು. ಮುಖ್ಯಮಂತ್ರಿಗಳು ಖಂಡಿಸಿದರು. ವರ್ಗಾವಣೆಯೂ ಆಯಿತು. ಆಮೇಲೆ? ನಾಲ್ಕು ದಿನ ಕುದ್ದದ್ದು ಆರಿತು. ವಿಡಿಯೊ ಮರೆತುಹೋಗುತ್ತದೆ, ಪುಸ್ತಕ ಕಪಾಟಿನಲ್ಲಿ ಕೂತು ಸಾಕ್ಷಿ ಹೇಳುತ್ತದೆ.

ಇದು ಕನ್ನಡಕ್ಕೆ ಹೊಸದಲ್ಲ. 'ರಾಶಿ' ಎಂದೇ ಹೆಸರಾದ ಡಾ. ಎಂ. ಶಿವರಾಂ ವೃತ್ತಿಯಲ್ಲಿ ವೈದ್ಯರು. ರೋಗಿಗಳನ್ನು ನೋಡುತ್ತಲೇ 1942ರಲ್ಲಿ 'ಕೊರವಂಜಿ' ಹಾಸ್ಯ ಪತ್ರಿಕೆ ಹುಟ್ಟುಹಾಕಿ 1967ರವರೆಗೆ ನಡೆಸಿದರು. ಆರ್.ಕೆ. ಲಕ್ಷ್ಮಣ್ ಅವರ ಆರಂಭದ ವ್ಯಂಗ್ಯಚಿತ್ರಗಳು ಅಚ್ಚಾದದ್ದು ಅದರಲ್ಲಿ. ಹನಿಗವನಗಳ ಡುಂಡಿರಾಜ್ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಲೇ ನಾಡನ್ನು ನಗಿಸಿದವರು. ಹಾಗಿರುವಾಗ ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದ ನಮ್ಮ ಹುಡುಗರು ಏಕೆ ಬರೆಯಬಾರದು? ಕಾಲ್ ಸೆಂಟರಿನಲ್ಲಿ ರಾತ್ರಿಯಿಡೀ 'ಮೈಕ್' ಆಗಿ ಬೆಳಗ್ಗೆ ಮತ್ತೆ ಮಂಜುನಾಥ ಆದವರು, ಮಾಲ್‌ನಲ್ಲಿ ಕನ್ನಡಿಗ ಗಿರಾಕಿಗೇ ಇಂಗ್ಲಿಷ್ ಮಾತಾಡಬೇಕಾದವರು, ಮನೆಮನೆಗೆ ಊಟ ಮುಟ್ಟಿಸುವವರು. ನಿಮ್ಮ ಕಿವಿಗೆ ಬಿದ್ದದ್ದು ಯಾವ ಪ್ರಾಧ್ಯಾಪಕರಿಗೆ ಗೊತ್ತು?

ನಗುವಾಗ ನಮ್ಮನ್ನೂ ಬಿಡಬೇಡಿ. ನಮ್ಮ ಪ್ರೆಸ್ಸಿಗೆ ಬಂದ ಯಜಮಾನರೊಬ್ಬರು ಮಗಳ ಲಗ್ನಪತ್ರಿಕೆ ಇಂಗ್ಲಿಷಿನಲ್ಲೇ ಆಗಬೇಕೆಂದರು. "ನೆಂಟರಿಗೆಲ್ಲ ಓದೋಕೆ ಬರುತ್ತಾ?" ಎಂದೆ. "ಓದೋಕಲ್ಲ ಸ್ವಾಮಿ, ಹಂಚೋಕೆ!" ಎಂದರು. ಇಂಥ ನಿರಭಿಮಾನಕ್ಕೆ ಭಾಷಣಕ್ಕಿಂತ ನಗೆಯೇ ಮದ್ದು.

ಇನ್ನು ಅಚ್ಚಿನ ವಿಷಯ. ನೇರವಾಗಿ ಹೇಳುತ್ತೇನೆ.

ಮೊದಲು, ಹೆಸರು ಬೇಡ. ಶಾಖೆ, ವ್ಯಕ್ತಿ, ಖಾತೆ ಯಾವುದೂ ಗುರುತು ಸಿಗದಂತೆ ಬದಲಿಸಿ. ಸತ್ಯ ಮಾತಿನಲ್ಲಿರಲಿ, ವಿಳಾಸದಲ್ಲಿ ಬೇಡ. ನೌಕರಿಯಲ್ಲಿರುವವರು ತಮ್ಮ ಸಂಸ್ಥೆಯ ನಿಯಮ ನೋಡಿಕೊಳ್ಳಿ.

ಎರಡನೆಯದು, ಪುಟದ ಲೆಕ್ಕ. ಡೆಮ್ಮಿ 1/8 ಆಕಾರದಲ್ಲಿ 16 ಪುಟಕ್ಕೆ ಒಂದು ಫಾರಂ. 112 ಪುಟಕ್ಕೆ 7 ಫಾರಂ. 113ನೇ ಪುಟಕ್ಕೆ ಕಾಲಿಟ್ಟರೆ ಖರ್ಚು ಮುಂದಿನ ಫಾರಮ್ಮಿಗೆ ನೆಗೆಯುತ್ತದೆ. ಸಪ್ಪೆಯಾದ ನಾಲ್ಕು ಕಥೆ ತೆಗೆದುಹಾಕಿ. ಮೊಬೈಲಿನಲ್ಲಿ ಟೈಪು ಮಾಡಿದ್ದನ್ನು ಪುಟ ಕಟ್ಟಲು ನುಡಿ ಅಕ್ಷರಕ್ಕೆ ತಿರುಗಿಸುವಾಗ ಒತ್ತಕ್ಷರ, ಅರ್ಕಾವತ್ತು ಕೈಕೊಡುತ್ತವೆ. ಕರಡನ್ನು ಕಾಗದದ ಮೇಲೆ, ಬೇರೆಯವರಿಂದ, ಎರಡು ಸಲ ಓದಿಸಿ. ಐಎಸ್‌ಬಿಎನ್ ಸಂಖ್ಯೆ ಸರ್ಕಾರದಿಂದ ಉಚಿತ. ಅದಕ್ಕೆ ದುಡ್ಡು ಕೇಳುವ ದಲ್ಲಾಳಿಯ ಬಾಗಿಲು ತುಳಿಯಬೇಡಿ.

ಮೂರನೆಯದು, ಗ್ರಂಥಾಲಯದ ಆಸೆಗೆ ಸಾಲ ಮಾಡಬೇಡಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಜೊತೆ ನಾವೆಲ್ಲ 6% ಗ್ರಂಥಾಲಯ ಕರ ಕಟ್ಟುತ್ತೇವೆ. ಆದರೆ ಸ್ಥಳೀಯ ಸಂಸ್ಥೆಗಳು ಆ ಹಣವನ್ನು ಬಾಕಿ ಉಳಿಸಿಕೊಂಡದ್ದು, ಸಗಟು ಖರೀದಿಯ ಬಿಲ್ಲಿಗಾಗಿ ಪ್ರಕಾಶಕರು ಕಾದದ್ದು ಹಲವು ಸಲ ಸುದ್ದಿಯಾಗಿದೆ. ಸಾವಿರ ಪ್ರತಿ ಹಾಕಿಸಿ ಅಟ್ಟದ ಮೇಲೆ ಗೆದ್ದಲಿಗೆ ಊಟ ಹಾಕುವುದಕ್ಕಿಂತ ಡಿಜಿಟಲ್ ಮುದ್ರಣದಲ್ಲಿ ನೂರು ಪ್ರತಿ ಹಾಕಿಸಿ, ಮಾರಿ, ಆ ದುಡ್ಡಿನಲ್ಲಿ ಮತ್ತೆ ಇನ್ನೂರು ಹಾಕಿಸಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನದ ಯೋಜನೆಯೂ ಇದೆ. ಪ್ರಕಟಣೆ ಬಂದಾಗ ಅರ್ಜಿ ಹಾಕಿ. ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಪುಸ್ತಕ ನಿಲ್ಲಬಾರದು.

ಮಾರುವುದಕ್ಕೆ ನಾಚಿಕೆಯೇ? ಗಳಗನಾಥರು ತಮ್ಮ ಪುಸ್ತಕಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಜಿ.ಪಿ. ರಾಜರತ್ನಂ ತಮ್ಮ ಪುಸ್ತಕ ತಾವೇ ಪ್ರಕಟಿಸಿ, ತಾವೇ ಹೊತ್ತು ಮಾರಿದರು. ಅವರಿಗಿಲ್ಲದ ಬಿಗುಮಾನ ನಮಗೇಕೆ? ರಾಜ್ಯೋತ್ಸವದ ಪೆಂಡಾಲಿನಲ್ಲಿ ಆರ್ಕೆಸ್ಟ್ರಾಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲು ತೆಗೆದು, ಸಂಘಗಳು ಇಂಥ ಪುಸ್ತಕದ ಐವತ್ತು ಪ್ರತಿ ಕೊಂಡು ಹಂಚಲಿ. ಮೊದಲ ಪ್ರತಿಯನ್ನು ಬ್ಯಾಂಕಿನ ಮ್ಯಾನೇಜರ್ ಕೈಗೆ, ಹೂಗುಚ್ಛದ ಸಮೇತ, ನಗುನಗುತ್ತ ಕೊಡಲಿ. ಕಲ್ಲು ಬಿದ್ದ ಗಾಜನ್ನು ನಾಳೆ ಬದಲಿಸಿಬಿಡುತ್ತಾರೆ. ಊರೆಲ್ಲ ಓದಿ ನಕ್ಕ ಮಾತನ್ನು ಹೇಗೆ ಬದಲಿಸುತ್ತಾರೆ?

ಇಂದು ರಾತ್ರಿ ಕೆಲಸ ಮುಗಿಸಿ ಬಂದವರು ಮಲಗುವ ಮುನ್ನ ಒಂದು ಪುಟ ಬರೆಯಿರಿ. ಇವತ್ತು ಕೌಂಟರಿನ ಆಚೆ ಯಾರು ನಿಂತಿದ್ದರು, ಈಚೆ ಯಾರು ಕೂತಿದ್ದರು, ಏನು ಮಾತಾಯಿತು, ಅಷ್ಟೇ. ಅಲಂಕಾರ ಬೇಡ. ನೂರು ಪುಟ ಆದ ಮೇಲೆ ಯಾವ ಊರಿನ ಯಾವ ಮುದ್ರಣಾಲಯದ ಬಾಗಿಲನ್ನಾದರೂ ತಟ್ಟಿ. ಅಚ್ಚಿನ ಮೊಳೆ ಹೋಗಿ ಆಫ್‌ಸೆಟ್ ಬಂತು, ಆಫ್‌ಸೆಟ್ ಪಕ್ಕಕ್ಕೆ ಡಿಜಿಟಲ್ ಬಂತು. ಕನ್ನಡ ಅಚ್ಚು ಹಾಕುವ ಕೈಗಳು ಮಾತ್ರ ಇನ್ನೂ ಇವೆ. ಬರೆಯುವ ಕೈ ನಿಮ್ಮದಾಗಲಿ!