ಊರ ಬೀಜ ಮಹಿಳಾ ಸಂಘದ ಕೈಯಲ್ಲಿರಲಿ

ಕೆಲವು ವರ್ಷಗಳ ಹಿಂದೆ ಧಾರವಾಡ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹೆಸರು ಬೀಜದ ಶೇಖರಣೆ ಕುರಿತು ತರಬೇತಿ ನೀಡಿದ್ದೆ. ಗುಡಿಯ ಕಟ್ಟೆಯ ಮೇಲೆ ನಲವತ್ತು ಜನ ಗಂಡಸರು ಕುಳಿತು ಕೇಳಿದರು. ಬೀಜದಲ್ಲಿ ತೇವಾಂಶ ಎಷ್ಟಿರಬೇಕು, ನುಸಿ ಬೀಳದಂತೆ ಹೇಗೆ ಕಾಯಬೇಕು ಎಂಬುದನ್ನೆಲ್ಲ ವಿವರಿಸಿ, ಕೈಪಿಡಿ ಹಂಚಿ ಬಂದೆ. ಮರುವರ್ಷ ಮುಂಗಾರಿನಲ್ಲಿ ಅದೇ ಊರಿಗೆ ಹೋದಾಗ ಹಲವು ಮನೆಗಳಲ್ಲಿ ಬೀಜ ತೂತು ಬಿದ್ದು ಹಿಟ್ಟಾಗಿತ್ತು. ಹೇಳಿದಂತೆ ಏಕೆ ಮಾಡಲಿಲ್ಲವೆಂದು ಒಂದು ಮನೆಯಲ್ಲಿ ಕೇಳಿದೆ. ಯಜಮಾನರು ಸುಮ್ಮನಿದ್ದರು. ಒಳಗಿನಿಂದ ಅವರ ತಾಯಿ, "ಬೀಜ ಕಟ್ಟಿ ಇಡಾಕಿ ನಾನ್ರೀ ಸಾಹೇಬ್ರ. ನೀವು ಹೇಳಿದ್ದು ಇವಂಗ" ಎಂದರು.

ತಪ್ಪು ನನ್ನದೇ ಆಗಿತ್ತು. ತರಬೇತಿಗೆ ಪಹಣಿಯಲ್ಲಿ ಹೆಸರಿದ್ದವರನ್ನು ಕರೆಯುವುದು ನಮ್ಮಲ್ಲಿ ಬೆಳೆದು ಬಂದ ರೂಢಿ. 2015-16ರ ಕೃಷಿ ಗಣತಿಯಂತೆ ದೇಶದ ಹಿಡುವಳಿದಾರರಲ್ಲಿ ಮಹಿಳೆಯರ ಪಾಲು ಶೇಕಡ 14ರಷ್ಟು ಮಾತ್ರ. ಹೊಲದ ಕೆಲಸದಲ್ಲಿ ಅವರ ಪಾಲು ಎಷ್ಟೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಹೆಸರು ಬೆಳೆಯನ್ನೇ ನೋಡಿರಿ. ಜೂನ್ ತಿಂಗಳಲ್ಲಿ ಬಿತ್ತಿದ ಬೆಳೆ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಕೊಯ್ಲಿಗೆ ಬರುತ್ತದೆ. ಕಾಯಿಗಳು ಒಮ್ಮೆಗೇ ಮಾಗುವುದಿಲ್ಲ. ಎರಡು ಮೂರು ಸಲ ಬಿಡಿಸಬೇಕಾಗುತ್ತದೆ, ಬಿಡಿಸುವವರು ಹೆಂಗಸರು. ಯಾವ ಗಿಡದ ಕಾಯಿ ಮೊದಲು ಮಾಗಿತು, ಯಾವುದರಲ್ಲಿ ಕಾಳು ದಪ್ಪ, ಯಾವ ಸಾಲಿನಲ್ಲಿ ಬೇರೆ ತಳಿ ಬೆರೆತಿದೆ ಎಂಬುದು ಸಾಲಿನಲ್ಲಿ ಬಾಗಿ ನಡೆಯುವವರಿಗೆ ಗೊತ್ತೇ ವಿನಾ ಬದುವಿನ ಮೇಲೆ ನಿಂತ ನಮಗಲ್ಲ. ಬೀಜದ ಆಯ್ಕೆ ಅಲ್ಲಿಯೇ ನಡೆಯತಕ್ಕದ್ದು. ಮಳೆಗೆ ಸಿಕ್ಕಿದ ಕಾಯಿ ಗಿಡದಲ್ಲಿಯೇ ಮೊಳಕೆಯೊಡೆದರೆ ಅದನ್ನು ಬೇರ್ಪಡಿಸುವವರೂ ಅವರೇ. ನುಸಿಯೂ ಮನೆಯಲ್ಲಿ ಹುಟ್ಟುವುದಲ್ಲ. ದುಂಬಿ ಹೊಲದಲ್ಲಿಯೇ ಕಾಯಿಯ ಮೇಲೆ ತತ್ತಿಯಿಟ್ಟು ಕಾಳಿನೊಡನೆ ಮನೆ ಸೇರುತ್ತದೆ.

ಈ ತಿಳಿವಳಿಕೆ ಇಂದು ಮನೆ ಮನೆಯಲ್ಲಿ ಒಂಟಿಯಾಗಿ ಉಳಿದಿದೆ, ವರ್ಷದಿಂದ ವರ್ಷಕ್ಕೆ ಕರಗುತ್ತಲೂ ಇದೆ. ಇದನ್ನು ಒಟ್ಟುಗೂಡಿಸಬಲ್ಲ ಸಂಸ್ಥೆ ಊರಿನಲ್ಲಿ ಆಗಲೇ ಇದೆ. ನಬಾರ್ಡ್ 1992ರಲ್ಲಿ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಆರಂಭಿಸಿತು. ನಮ್ಮ ರಾಜ್ಯದಲ್ಲಿ 2000-01ರಿಂದ ಸ್ತ್ರೀಶಕ್ತಿ ಗುಂಪುಗಳು ಬಂದವು. ವಾರಕ್ಕೊಮ್ಮೆ ಸೇರಿ, ಲೆಕ್ಕ ಬರೆದು, ಉಳಿತಾಯ ಮಾಡುವ ಶಿಸ್ತು ಈ ಸಂಘಗಳಲ್ಲಿ ಬೇರೂರಿದೆ. ಆದರೆ ಬಹಳಷ್ಟು ಕಡೆ ಸಭೆಯೆಂದರೆ ಕಂತು ಕಟ್ಟುವ ಹೊತ್ತು ಎಂದಾಗಿದೆ. ಕಿರುಸಾಲದವರ ಕಾಟ ತಡೆಯಲು ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಸಂಘಕ್ಕೆ ಸಾಲದ ಹೊರತು ಬೇರೆ ಉದ್ಯೋಗ ಬೇಕು. ಅದು ಹಪ್ಪಳ, ಉಪ್ಪಿನಕಾಯಿಯೇ ಆಗಬೇಕೆಂದೇನೂ ಇಲ್ಲ. (ಮೇಳಗಳಲ್ಲಿ ನಾವು ಅವರಿಗೆ ಕೊಡುವ ಮಳಿಗೆ ಮಾತ್ರ ಯಾವಾಗಲೂ ಅದೇ.)

ಇದು ಆಗದ ಮಾತಲ್ಲ. ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಮಹಿಳೆಯರು ಸಿರಿಧಾನ್ಯಗಳ ಬೀಜ ಬ್ಯಾಂಕು ಕಟ್ಟಿದ್ದಾರೆ, ಧಾನ್ಯ ಹಸನು ಮಾಡುವ ಘಟಕವನ್ನೂ ನಡೆಸುತ್ತಾರೆ. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅವರಿಗೆ ಸಂದಿತು. ಸಿರಿಧಾನ್ಯದಲ್ಲಿ ಅವರು ಮಾಡಿದ್ದನ್ನು ಹೆಸರು, ಕಡಲೆಗಳಲ್ಲಿ ಉಳಿದ ಊರುಗಳು ಏಕೆ ಮಾಡಬಾರದು?

ಲೆಕ್ಕ ಸುಲಭವಾಗಿದೆ. ಹೆಸರಿಗೆ ಎಕರೆಗೆ 5ರಿಂದ 6 ಕಿಲೋ ಬೀಜ ಸಾಕು. ನೂರು ಎಕರೆ ಹೆಸರು ಬಿತ್ತುವ ಊರಿಗೆ ಐದಾರು ಕ್ವಿಂಟಲ್ ಬೀಜ ಬೇಕಾದೀತು. ಡಿ.ಜಿ.ಜಿ.ವಿ-2ರಂತಹ ತಳಿಯ ಪ್ರಮಾಣಿತ ಬೀಜವನ್ನು ಒಮ್ಮೆ ತಂದು, ಎರಡು ಎಕರೆಯಲ್ಲಿ ಕಲಬೆರಕೆ ಗಿಡ ಕಿತ್ತು ಬೆಳೆಸಿದರೆ ಅಷ್ಟು ಬೀಜ ದೊರೆಯುವುದು ಕಷ್ಟವಲ್ಲ. ಹೆಸರು ಸ್ವಕೀಯ ಪರಾಗಸ್ಪರ್ಶದ ಬೆಳೆಯಾದ್ದರಿಂದ ಎರಡು ಮೂರು ವರ್ಷ ಅದೇ ಬೀಜ ಬಿತ್ತಬಹುದು. ತೊಗರಿಯಲ್ಲಿ ಜೇನ್ನೊಣಗಳಿಂದ ತಳಿ ಬೆರೆಯುವ ಸಂಭವ ಹೆಚ್ಚು, ಅದಕ್ಕೆ ಅಂತರ ಕಾಯಬೇಕು. ಗೋವಿನಜೋಳದ ಹೈಬ್ರಿಡ್‌ಗೆ ಈ ಮಾತು ಸಲ್ಲದು. ಪ್ರತಿವರ್ಷ ಹೊಸ ಬೀಜವನ್ನೇ ಕೊಳ್ಳಬೇಕು.

ಸಂಘಕ್ಕೆ ಬೇಕಾದದ್ದು ಒಳ್ಳೆಯ ಎರಡು ತಾಡಪತ್ರಿ, ಗಾಳಿಯಾಡದ ಡಬ್ಬಿ ಅಥವಾ ಚೀಲ, ಒಂದು ತಕ್ಕಡಿ, ಒಂದು ದಪ್ತರು. ಬೀಜ ಹಲ್ಲಿಗೆ ಕಟಕ್ಕೆನ್ನುವಂತೆ, ಎಂದರೆ ತೇವಾಂಶ ಶೇಕಡ 9ಕ್ಕೆ ಇಳಿಯುವಂತೆ ಒಣಗಿಸಬೇಕು. ಕಿಲೋ ಬೀಜಕ್ಕೆ 5 ಮಿಲಿಲೀಟರ್ ಅಡುಗೆ ಎಣ್ಣೆ ಸವರಿಟ್ಟರೆ ನುಸಿ ಹತೋಟಿಗೆ ಬರುತ್ತದೆ. ಬಿತ್ತನೆಗೆ ಮುನ್ನ 100 ಕಾಳುಗಳನ್ನು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಡಬೇಕು. ಐದಾರು ದಿನಗಳಲ್ಲಿ 75 ಮೊಳೆತರೆ ಬೀಜ ಯೋಗ್ಯ. ತೀರ ಕಡಿಮೆಯಾದರೆ ಬೇಳೆಗೆ ಹಾಕುವುದೇ ಲೇಸು.

ಹೆಂಗಸರಿಗೆ ಈಗಿರುವ ಕೆಲಸವೇ ಸಾಲದೇ ಎಂದು ಕೆಲವರು ಕೇಳಿಯಾರು. ಪ್ರಶ್ನೆ ಸರಿಯಾಗಿದೆ. ಆದರೆ ಈ ಕೆಲಸ ಹೊಸದಲ್ಲ, ಅವರು ಬಿಟ್ಟಿಯಾಗಿ ಮಾಡುತ್ತ ಬಂದದ್ದು. ಪೇಟೆಯ ಕಾಳಿನ ದರಕ್ಕೂ ಬೀಜದ ದರಕ್ಕೂ ಇರುವ ವ್ಯತ್ಯಾಸ ಸಂಘದ ಖಾತೆಗೆ ಬರಬೇಕು, ಮನೆ ಯಜಮಾನನ ಖಾತೆಗಲ್ಲ. ಈ ಒಂದು ಕರಾರಿಲ್ಲದೆ ಬೀಜದ ಹೊಣೆಯನ್ನು ಸಂಘಕ್ಕೆ ಹೊರಿಸುವುದನ್ನು ನಾನು ಒಪ್ಪುವುದಿಲ್ಲ. ಕಾನೂನಿನ ಅಡ್ಡಿಯೂ ಇಲ್ಲ. ರೈತರು ತಾವು ಬೆಳೆದ ಬೀಜವನ್ನು ಉಳಿಸಿಕೊಳ್ಳಲು, ಹಂಚಲು, ಮಾರಲು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಅವಕಾಶ ನೀಡಿದೆ. ಸಂರಕ್ಷಿತ ತಳಿಯನ್ನು ಬ್ರ್ಯಾಂಡಿನ ಹೆಸರು ಹಾಕಿ ಮಾರಕೂಡದು, ಅಷ್ಟೆ.

ನಮ್ಮ ಕಡೆಯಿಂದಲೂ ಆಗಬೇಕಾದದ್ದುಂಟು. ವಿಶ್ವಸಂಸ್ಥೆ 2026ನ್ನು ರೈತ ಮಹಿಳೆಯ ಅಂತಾರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಸಭೆ ಸಮಾರಂಭಗಳಿಗೆ ಕೊರತೆಯಿರಲಾರದು. ಆದರೆ ಕಾಯಿ ಬಿಡಿಸುವ ದಿನಗಳಲ್ಲಿ ಬೆಳಗಿನ ಹನ್ನೊಂದು ಗಂಟೆಗೆ ತಾಲ್ಲೂಕು ಕೇಂದ್ರಕ್ಕೆ ಕರೆದರೆ ಯಾರು ಬಂದಾರು? ನಾನಂತೂ ಈಗ ಹೊಲದಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ ಹೋಗುತ್ತೇನೆ. ನನ್ನ ತಪ್ಪು ತಿದ್ದಿದ ಆ ತಾಯಿಯೂ ಈಗ ಸಂಘದ ಬೀಜದ ಕೆಲಸಕ್ಕೆ ಬರುತ್ತಾರೆ. ಎಣ್ಣೆಯ ಮಾತು ಅವರಿಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಒಂದು ಗಡಿಗೆಯಲ್ಲಿ ನಾನು ಹೇಳಿದಂತೆ ಎಣ್ಣೆ ಸವರಿದ ಬೀಜ, ಇನ್ನೊಂದರಲ್ಲಿ ತಮ್ಮ ಪದ್ಧತಿಯಂತೆ ಬೂದಿ ಬೆರೆಸಿದ ಬೀಜ ಇಟ್ಟು ಬಾಯಿ ಕಟ್ಟಿದ್ದಾರೆ. ಮುಂಗಾರಿಗೆ ಮುನ್ನ ಸಂಘದ ಎದುರಿಗೆ ಎರಡನ್ನೂ ಬಿಚ್ಚಿ ಎಣಿಸುವುದೆಂದು ಮಾತಾಗಿದೆ.