ದಪ್ಪಕ್ಷರದ ಇಕ್ಕಟ್ಟು

ಅಕ್ಷರವೆಂದರೆ ಕ್ಷರವಿಲ್ಲದ್ದು, ಎಂದರೆ ನಾಶವಿಲ್ಲದ್ದು ಎಂದು ಪಂಡಿತರು ಅರ್ಥ ಹೇಳುತ್ತಾರೆ. ನಂಜನಗೂಡಿನ ಪೇಟೆಬೀದಿಯಲ್ಲಿ ಒಮ್ಮೆ ನಡೆದು ಬಂದವರಿಗೆ ಈ ಮಾತಿನಲ್ಲಿ ಸಂದೇಹ ಹುಟ್ಟದಿರದು. ಅಂಗಡಿಯ ಹಲಗೆಗಳ ಮೇಲೆ ಕನ್ನಡವೇನೋ ದಪ್ಪವಾಗಿ, ದೊಡ್ಡದಾಗಿ ಇದೆ. ಆದರೆ ಎರಡು ಕಡೆಯಿಂದಲೂ ಅದುಮಿದಂತೆ ಇಕ್ಕಟ್ಟಾಗಿ ನಿಂತಿದೆ. ಕೆಲವೆಡೆ ಅದು ಯಾವ ಅಕ್ಷರವೆಂದು ಊಹಿಸಿಯೇ ತಿಳಿಯಬೇಕು. ದಪ್ಪವಾದ, ಅಗಲ ಕಿರಿದಾದ ಈ ತಲೆಬರಹದ ಅಕ್ಷರಗಳ ವಿಷಯವಾಗಿ ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಇಂತಹ ಅಕ್ಷರವೇ ಕೆಟ್ಟದ್ದೆಂದು ನನ್ನ ವಾದವಲ್ಲ. ಹಲಗೆ ಚಿಕ್ಕದು, ಹೆಸರು ಉದ್ದ, ನೋಡುವವನು ದೂರದಲ್ಲಿದ್ದಾನೆ ಎಂದಾಗ ಬೇರೆ ದಾರಿಯೇನು? ಅಮೆರಿಕದಲ್ಲಿ ಡೇರಿಯಸ್ ವೆಲ್ಸ್ ಎಂಬಾತ 1828ರಲ್ಲಿ ಮರದ ಅಚ್ಚುಮೊಳೆಗಳ ಪಟ್ಟಿಯನ್ನು ಪ್ರಕಟಿಸಿದ್ದು ಭಿತ್ತಿಪತ್ರಗಳ ದೊಡ್ಡಕ್ಷರಗಳ ಅಗತ್ಯಕ್ಕಾಗಿಯೇ. 1965ರಲ್ಲಿ ಇಂಗ್ಲೆಂಡಿನ ಜೆಫ್ರಿ ಲೀ ರೂಪಿಸಿದ ‘ಇಂಪ್ಯಾಕ್ಟ್’ ಎಂಬ ಅಕ್ಷರವನ್ನು ಗಣಕಯಂತ್ರ ಬಳಸುವವರೆಲ್ಲ ನೋಡಿರುತ್ತಾರೆ. ಅದರಲ್ಲಿ ಅಕ್ಷರದ ಪಕ್ಕಗಳು ನೆಟ್ಟಗೆ ನಿಂತಿವೆ. ಮೇಲಕ್ಕೂ ಕೆಳಕ್ಕೂ ಚಾಚುವ ಭಾಗಗಳು ಮೊಟಕಾಗಿವೆ. ಹೀಗೆ ಇದ್ದ ಜಾಗವನ್ನೆಲ್ಲ ಅಕ್ಷರದ ಮೈಯೇ ತುಂಬಿಕೊಂಡಿದೆ.

ಈ ಉಪಾಯವನ್ನು ಹಾಗೆಯೇ ಕನ್ನಡಕ್ಕೆ ತರಲು ಬರುವುದಿಲ್ಲ. ನಮ್ಮ ಲಿಪಿ ದುಂಡಗಿನದು. ಅದಕ್ಕೆ ನೆತ್ತಿಯ ಮೇಲೆ ತಲೆಕಟ್ಟು, ಗುಡಿಸು, ಪಕ್ಕದಲ್ಲಿ ಕೊಂಬು, ದೀರ್ಘ, ಅಡಿಯಲ್ಲಿ ಒತ್ತಕ್ಷರ. ‘ಶ್ರೀಕಂಠೇಶ್ವರ’ ಎಂದು ಬರೆದು ನೋಡಿರಿ. ಎರಡು ಕಡೆ ಒತ್ತು ಕೆಳಗಿಳಿಯುತ್ತದೆ. ಠಕಾರದ ಹೊಟ್ಟೆಯಲ್ಲಿ ಒಂದು ಚುಕ್ಕೆ ಉಳಿಯಬೇಕು. ಒತ್ತನ್ನು ಕಿರಿದು ಮಾಡಿದರೆ ಮಸಿಯ ಕಲೆಯಾಗುತ್ತದೆ, ಹಿರಿದು ಮಾಡಿದರೆ ಮೂಲಾಕ್ಷರಕ್ಕೆ ಎತ್ತರ ಸಾಲದು. ಕಳಲೆಯ ನಂಜರಾಜ 18ನೆಯ ಶತಮಾನದಲ್ಲಿ ಕನ್ನಡ ಗ್ರಂಥಗಳನ್ನು ರಚಿಸಿದವನು. ಅವುಗಳ ಹೆಸರಿನಲ್ಲಿ ಬರುವ ‘ಮಾಹಾತ್ಮ್ಯ’ ಎಂಬ ಒಂದೇ ಮಾತು ಹಲಗೆ ಬರೆಯುವವನ ಕೈ ಪರೀಕ್ಷಿಸಲು ಸಾಕು. ‘ಕಳಲೆ’ ಎಂಬ ಊರ ಹೆಸರಾದರೋ ಮೂರೇ ಅಕ್ಷರ, ಒಂದು ಒತ್ತೂ ಇಲ್ಲ. ಎಲ್ಲ ಊರುಗಳಿಗೂ ಆ ಭಾಗ್ಯವಿಲ್ಲ.

ಹಾಗಾದರೆ ನಮ್ಮ ಹಲಗೆಗಳಲ್ಲಿ ನಡೆಯುತ್ತಿರುವುದೇನು? ಸಾಧಾರಣ ದಪ್ಪಕ್ಷರವನ್ನು ಗಣಕಯಂತ್ರದಲ್ಲಿ ಹಿಡಿದು ಅಗಲವನ್ನಷ್ಟೇ ಕುಗ್ಗಿಸುತ್ತಾರೆ. ಆಗ ನಿಂತ ಗೆರೆಗಳು ತೆಳುವಾಗುತ್ತವೆ, ಮಲಗಿದ ಗೆರೆಗಳು ದಪ್ಪವಾಗಿಯೇ ಉಳಿಯುತ್ತವೆ. ಅದನ್ನು ಮರೆಮಾಡಲು ಸುತ್ತಲೂ ಇನ್ನೊಂದು ಗೆರೆ ಎಳೆದರೆ ಅಕ್ಷರದ ಒಳಗಿನ ಬಯಲೇ ಮುಚ್ಚಿಹೋಗುತ್ತದೆ. ದಕಾರಕ್ಕೂ ಧಕಾರಕ್ಕೂ, ಬಕಾರಕ್ಕೂ ಭಕಾರಕ್ಕೂ ಇರುವ ಭೇದ ಅಡಿಯ ಒಂದು ಸೀಳಿನದು. ಪಕಾರಕ್ಕೂ ಷಕಾರಕ್ಕೂ ಇರುವುದು ಒಳಗಿನ ಒಂದು ಗೆರೆಯದು. ಆ ಸೀಳು, ಆ ಗೆರೆ ಹೂತುಹೋದ ಮೇಲೆ ಉಳಿಯುವುದು ಅಕ್ಷರವಲ್ಲ, ಅದರ ನೆರಳು.

ಓದು ಬಲ್ಲವರಿಗೆ ಇದು ದೊಡ್ಡ ತೊಂದರೆಯೆನಿಸದಿರಬಹುದು. ಅವರು ಪದದ ಆಕಾರ ಕಂಡೊಡನೆ ಅರ್ಥ ಹಿಡಿಯುತ್ತಾರೆ. ಆದರೆ ನಮ್ಮ ಮನೆಯಲ್ಲಿ ಕಾಲೇಜಿಗೆ ಬಂದವರಲ್ಲಿ ನಾನೇ ಮೊದಲು. ನಮ್ಮವ್ವ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು. ಇಂದಿಗೂ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾಳೆ. ಅವಳ ಓದಿಗೆ ಪ್ರತಿಯೊಂದು ಒತ್ತೂ ಬೇಕು. ಹಲಗೆಯ ಮುಂದೆ ನಿಂತು ಪಕ್ಕದವರನ್ನು ಕೇಳಬೇಕಾಗಿ ಬಂದಾಗ ಅವಳು ದೂರುವುದು ಹಲಗೆಯನ್ನಲ್ಲ, ತನ್ನ ವಿದ್ಯೆಯನ್ನು. ಈ ಅನ್ಯಾಯವೇ ನನ್ನ ಕೈಗೆ ಲೇಖನಿ ಕೊಟ್ಟಿತು.

2024ರ ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಗೆ ತಿದ್ದುಪಡಿಯನ್ನು ಅಂಗೀಕರಿಸಿತು. ನಾಮಫಲಕಗಳಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕು, ಅದು ಮೇಲ್ಭಾಗದಲ್ಲಿರಬೇಕು ಎಂಬುದು ಅದರ ಆಶಯ. ಇದು ಸ್ವಾಗತಾರ್ಹವೇ ಸರಿ. ಆದರೆ ಶೇಕಡಾ 60 ಎಂಬುದು ಜಾಗದ ಅಳತೆ, ಓದಿನ ಅಳತೆಯಲ್ಲ. ಓದಲಾಗದ ಕನ್ನಡ ಹಲಗೆಯನ್ನು ತುಂಬಿದರೂ ಕಾನೂನಿಗೆ ಸಂತೋಷವಾದೀತು, ಕನ್ನಡಿಗನಿಗೆ ಪ್ರಯೋಜನವಾಗದು.

ದುಂಡಗಿರುವುದೇ ಕನ್ನಡದ ಸೊಬಗು, ಅದನ್ನು ಕಿರಿದು ಮಾಡುವುದೇ ತಪ್ಪು ಎನ್ನುವವರೂ ಉಂಟು. ಇದನ್ನು ಪೂರ್ಣವಾಗಿ ಒಪ್ಪಲಾರೆ. ‘ತಿರುಮಕೂಡಲು ನರಸೀಪುರ’ ಎಂಬ ಹೆಸರಿನಲ್ಲಿ ಹನ್ನೊಂದು ಅಕ್ಷರಗಳಿವೆ. ಅದು ‘ಟಿ. ನರಸೀಪುರ’ ಎಂದಾದಾಗ ಕಾವೇರಿ ಕಪಿಲೆಯರು ಕೂಡುವ ಕೂಡಲೇ ಹೆಸರಿನಿಂದ ಜಾರಿಹೋಗುತ್ತದೆ. ಅಗಲ ಕಿರಿದಾದ ಒಳ್ಳೆಯ ಅಕ್ಷರವಿದ್ದರೆ ಹೆಸರು ಇಡಿಯಾಗಿ ಉಳಿದೀತು. ಕೈಯಲ್ಲಿ ಬರೆಯುವ ಕಲಾವಿದ ಜಾಗ ಸಾಲದಿದ್ದರೆ ಅಕ್ಷರವನ್ನು ಕಿರಿದಾಗಿ ಬರೆಯುತ್ತಾನೆ. ಆದರೆ ಕುಂಚದ ದಪ್ಪವನ್ನು ಬದಲಿಸುವುದಿಲ್ಲ, ಒಳಬಯಲನ್ನು ಮುಚ್ಚುವುದಿಲ್ಲ. ರೂಪಿಸುವುದಕ್ಕೂ ಹಿಸುಕುವುದಕ್ಕೂ ಇರುವ ಅಂತರ ಇಷ್ಟೇ. ಗಣಕಯಂತ್ರದಲ್ಲಿಯೂ ಇದು ಅಸಾಧ್ಯವಲ್ಲ. ಮುಂಬಯಿಯ ಏಕ್ ಟೈಪ್ ಸಂಸ್ಥೆ 2022ರಲ್ಲಿ ಹೊರತಂದ ‘ಅನೇಕ್ ಕನ್ನಡ’ದಲ್ಲಿ ಅಗಲವನ್ನೂ ದಪ್ಪವನ್ನೂ ಬೇರೆಬೇರೆಯಾಗಿ ಹೆಚ್ಚುಕಡಿಮೆ ಮಾಡಬಹುದು, ಕಿರಿದಗಲದ ರೂಪವನ್ನು ಅದಕ್ಕೆಂದೇ ಬರೆಯಲಾಗಿದೆ. ಅದು ಉಚಿತವಾಗಿಯೇ ದೊರೆಯುತ್ತದೆ.

ಆದುದರಿಂದ ಸಹಪಾಠಿಗಳಲ್ಲಿ ನನ್ನ ಬಿನ್ನಹ ಮೂರು. ಇಕ್ಕಟ್ಟಿನ ದಪ್ಪಕ್ಷರವನ್ನು ತಲೆಬರಹಕ್ಕೆ ಮಾತ್ರ ಬಳಸೋಣ; ಅದರಲ್ಲಿ ಇಡೀ ಪ್ರಕಟಣೆಯನ್ನು ತುಂಬಿಸುವುದು ಬೇಡ. ಜಾಗ ಸಾಲದಿದ್ದರೆ ಅಕ್ಷರವನ್ನು ಹಿಸುಕುವ ಬದಲು ಮಾತನ್ನು ಕಡಿಮೆ ಮಾಡೋಣ. ಹಲಗೆ ಸಿದ್ಧವಾಗುವ ಮುನ್ನ ಇಪ್ಪತ್ತು ಹೆಜ್ಜೆ ದೂರದಲ್ಲಿ, ನಿಧಾನವಾಗಿ ಓದುವವರೊಬ್ಬರಿಂದ ಅದನ್ನು ಓದಿಸೋಣ. ಮುಂದಿನ ವಾರ್ಷಿಕೋತ್ಸವದ ಫಲಕ ಹೇಗೂ ನಾವೇ ಬರೆಸಬೇಕಾದದ್ದು. ಈ ಪರೀಕ್ಷೆ ಅಲ್ಲಿಂದಲೇ ಆರಂಭವಾಗಲಿ.