ಒಲೆಯ ಮೇಲಿಲ್ಲದ ಹಾಲು

ಮಕ್ಕಳೇ, ಮಕ್ಕಳಿಗೆ ಇದನ್ನು ಓದಿ ಹೇಳುವ ಅಜ್ಜ ಅಜ್ಜಿಯರೇ,

ಈ ವಾರ ಪುರಾಣದ ಕಥೆ ಇಲ್ಲ, ಪ್ರಾಣಿ ಪಕ್ಷಿಯೂ ಇಲ್ಲ. ಒಂದು ಕುರಿ ಮಾತ್ರ ನಡುವೆ ಬಂದು ಹೋಗುತ್ತದೆ. ಉಳಿದದ್ದೆಲ್ಲ ನಮ್ಮ ಮನೆಯ ನಡುಮನೆಯಲ್ಲೇ ನಡೆದದ್ದು.

ನಮ್ಮ ಮೊಮ್ಮಗಳು 8ನೇ ತರಗತಿ. ಅವಳ ಶಾಲೆಯಲ್ಲಿ ಈ ಸಲ ವಾರ್ಷಿಕೋತ್ಸವಕ್ಕೆ ನಾಟಕದ ಬದಲು ಕಿರುಚಿತ್ರವಂತೆ. ಹತ್ತು ನಿಮಿಷ ಮೀರಬಾರದು, ಫೋನಿನಲ್ಲೇ ತೆಗೆಯಬೇಕು, ನಗಿಸುವಂಥದ್ದಾಗಿರಬೇಕು. ಇವಳ ಗುಂಪಿನಲ್ಲಿ ಚಿತ್ರಕಥೆ ಬರೆಯುವ ಕೆಲಸ ಇವಳಿಗೇ ಬಂತು. ಗಣಿತದ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಮೂರೇ ದಿನದಲ್ಲಿ ಬರೆದು ಮುಗಿಸಿದಳು. ಹೆಸರು ‘ಅಜ್ಜಿಯ ಕನ್ನಡಕ’. ರಾತ್ರಿ ಊಟವಾದ ಮೇಲೆ ಎಲ್ಲರನ್ನೂ ಕೂರಿಸಿ ಓದಿದಳು.

ಮೊದಲ ದೃಶ್ಯದಲ್ಲಿ ಅಜ್ಜಿ ಕನ್ನಡಕ ಹುಡುಕುತ್ತಾಳೆ. ದೇವರ ಮನೆ, ಅಟ್ಟ, ಅಕ್ಕಿ ಡಬ್ಬ ಎಲ್ಲ ಆಯಿತು. ಕನ್ನಡಕ ಇರುವುದು ಅವಳ ತಲೆಯ ಮೇಲೆ. ಎರಡನೆಯದರಲ್ಲಿ ಸಾರಿಗೆ ಉಪ್ಪಿನ ಬದಲು ಸಕ್ಕರೆ ಬಿದ್ದಿದೆ, ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಾ ಸುರಿದುಕೊಂಡು ಕುಡಿಯುತ್ತಾರೆ. ಇಲ್ಲಿಗೆ ನನ್ನಾಕೆ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಿದ್ದಳು. ಮೂರನೆಯ ದೃಶ್ಯ ಬಂತು. ಅಜ್ಜಿ ಮೊಮ್ಮಗಳನ್ನು ಅವಳ ಅಮ್ಮನ ಹೆಸರು ಹಿಡಿದು ಕರೆಯುತ್ತಾಳೆ. ಅಲ್ಲ ಎಂದರೆ ಚಿಕ್ಕಮ್ಮನ ಹೆಸರು, ಅದೂ ಅಲ್ಲ ಎಂದರೆ ಪಕ್ಕದ ಮನೆಯವರ ಹೆಸರು, ಕೊನೆಗೆ ನಾಯಿಯ ಹೆಸರು. ಆಗ ಮೊಮ್ಮಗಳು ‘ಬೌ ಬೌ’ ಅನ್ನುತ್ತಾಳೆ.

ಎಲ್ಲರೂ ಗೊಳ್ಳೆಂದು ನಕ್ಕೆವು. ನನ್ನಾಕೆ ಎದ್ದು ನಿಂತಳು. “ಒಲೆ ಮೇಲೆ ಹಾಲಿಟ್ಟಿದ್ದೆ, ಉಕ್ಕಿ ಹೋದೀತು” ಎಂದು ಒಳಗೆ ಹೋದಳು.

ಸ್ವಲ್ಪ ಹೊತ್ತು ಬಿಟ್ಟು ನಾನೂ ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ. ಒಲೆ ಹೊತ್ತಿಸಿಯೂ ಇರಲಿಲ್ಲ. ಅವಳು ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು.

ಒಂದು ವರ್ಷದಿಂದ ಅವಳಿಗೆ ಹೆಸರುಗಳು ತಪ್ಪುತ್ತಿವೆ. ವಯಸ್ಸಿನದೂ ಇರಬಹುದು, ನೋಡುತ್ತಿರೋಣ ಎಂದಿದ್ದಾರೆ ಡಾಕ್ಟರು. ನಾವು ನೋಡುತ್ತಿದ್ದೇವೆ. ಆದರೆ ಮನೆಯಲ್ಲಿ ಯಾರೂ ಅದರ ಮಾತೆತ್ತುವುದಿಲ್ಲ. ಹಾಗಾಗಿ ಮಗುವಿಗೆ ಗೊತ್ತಿರಲಿಲ್ಲ. ಅವಳು ಕಂಡದ್ದು ತಮಾಷೆಯನ್ನಷ್ಟೇ, ಅದನ್ನೇ ಬರೆದಳು. ಗೊತ್ತಿದ್ದ ನಾನು ನಕ್ಕೆನಲ್ಲ, ಅದಕ್ಕೇನು ಹೇಳಲಿ?

ಹಿಂದಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ನೋಟ್‌ಬುಕ್ ಹಿಡಿದು ಅವಳು ನಿಂತಿದ್ದಳು.

ಎರಡು ದಿನ ಅವಳ ಮಾತಿಲ್ಲ. ಮೂರನೆಯ ದಿನ ಇನ್ನೊಂದು ಚಿತ್ರಕಥೆ ಸಿದ್ಧವಾಗಿತ್ತು. ಅದರಲ್ಲಿ ಮಳೆ ಇತ್ತು, ಆಸ್ಪತ್ರೆ ಇತ್ತು, ಪಿಟೀಲು ಇತ್ತು, ಎಲ್ಲರೂ ಅಜ್ಜಿಯ ಮಂಚದ ಸುತ್ತ ನಿಂತು ಕ್ಷಮೆ ಕೇಳುತ್ತಿದ್ದರು. ನನ್ನಾಕೆ ತಾನೇ ಇಸಿದುಕೊಂಡು ಓದಿದಳು. “ಏನೇ ಇದು, ನಾಲ್ಕನೇ ಪುಟಕ್ಕೇ ನನ್ನನ್ನ ಸಾಯಿಸಿಬಿಟ್ಟಿದ್ದೀಯಲ್ಲೇ! ವೈಕುಂಠ ಸಮಾರಾಧನೆಗೆ ವಡೆಯನ್ನಾದರೂ ಮಾಡಿಸಿದ್ದೀಯೋ ಇಲ್ಲವೋ?” ಎಂದು ಬಿದ್ದು ಬಿದ್ದು ನಕ್ಕಳು.

ಮೊಮ್ಮಗಳು ನನ್ನ ಹತ್ತಿರ ಬಂದು ಅಳುಮುಖ ಮಾಡಿಕೊಂಡು ಕೇಳಿದಳು: “ತಾತ, ನಗಿಸೋಕೆ ಹೋದ್ರೆ ಅಜ್ಜಿಗೆ ಬೇಜಾರು. ಅಳಿಸೋಕೆ ಹೋದ್ರೆ ಅಜ್ಜಿ ನಗ್ತಾಳೆ. ನಾನು ಏನು ಬರೀಲಿ?”

ನಾನು ಸಿನಿಮಾದವನಲ್ಲ. ಹವ್ಯಾಸಿ ನಾಟಕಗಳಲ್ಲಿ ಪರದೆ ಎಳೆದವನು, ಅದೂ ಎರಡು ಸಲ ಬೇಗ ಎಳೆದವನು. ಆದರೆ ಇಂಥ ಪ್ರಶ್ನೆಗೆ ಯಾರ ಮನೆಯ ಬಾಗಿಲು ತಟ್ಟಬೇಕು ಎಂಬುದು ಗೊತ್ತಿತ್ತು. ಭಾನುವಾರ ಮೂವರೂ ಕುಳಿತು ಚಾರ್ಲಿ ಚಾಪ್ಲಿನ್‌ನ ‘ದಿ ಕಿಡ್’ ನೋಡಿದೆವು. 1921ರಲ್ಲಿ ಬಂದ ಮೂಕಿ ಚಿತ್ರ. ಸುಮಾರು ಒಂದು ಗಂಟೆಯದು. ಮಾತಿಲ್ಲದ್ದರಿಂದ ಅಜ್ಜ ಅಜ್ಜಿಯರಿಗೂ ಮೊಮ್ಮಕ್ಕಳಿಗೂ ಒಂದೇ ಸಲ ಅರ್ಥವಾಗುತ್ತದೆ.

ಕಥೆ ಇಷ್ಟು. ಬಡ ತಾಯಿಯೊಬ್ಬಳು ಹಸುಗೂಸನ್ನು ಬಿಟ್ಟುಹೋಗುತ್ತಾಳೆ. ಅದು ಚಿಂದಿ ಕೋಟಿನ ಅಲೆಮಾರಿಯ ಕೈಗೆ ಸಿಗುತ್ತದೆ. ಅವನೇ ಚಾಪ್ಲಿನ್. ಸಿಕ್ಕಿದ ಕೂಡಲೇ ಎದೆಗಪ್ಪಿಕೊಂಡು ಕಣ್ಣೀರಿಟ್ಟನೆ? ಇಲ್ಲ. ಬೇರೆ ಹೆಂಗಸಿನ ತಳ್ಳುಗಾಡಿಯಲ್ಲಿ ಇಟ್ಟು ಜಾರಿಕೊಳ್ಳಲು ನೋಡುತ್ತಾನೆ. ಒಬ್ಬ ಮುದುಕನ ಕೈಗೆ ತುರುಕುತ್ತಾನೆ. ಚರಂಡಿಯ ಮುಚ್ಚಳ ಎತ್ತಿ ಒಂದು ಕ್ಷಣ ಒಳಗೆ ಇಣುಕುತ್ತಾನೆ! ಅಲ್ಲಿ ನನ್ನಾಕೆ “ಅಯ್ಯೋ ಪಾಪಿ” ಎಂದು ಕೂಗಿಯೇಬಿಟ್ಟಳು, ಕೂಗುತ್ತಲೇ ನಕ್ಕಳು. ಬೇರೆ ದಾರಿಯಿಲ್ಲದೆ ಮಗುವನ್ನು ಮನೆಗೆ ಒಯ್ಯುತ್ತಾನೆ. ಕಾಫಿ ಪಾತ್ರೆಯನ್ನು ಹಗ್ಗಕ್ಕೆ ತೂಗುಹಾಕಿ ಹಾಲು ಕುಡಿಸುತ್ತಾನೆ. ಐದು ವರ್ಷ ಕಳೆಯುತ್ತದೆ. ಆಗ ಇಬ್ಬರಿಗೂ ಒಂದು ವ್ಯಾಪಾರ: ಹುಡುಗ ಕಲ್ಲು ಹೊಡೆದು ಕಿಟಕಿಯ ಗಾಜು ಒಡೆಯುವುದು, ಹಿಂದೆಯೇ ಬೆನ್ನಿಗೆ ಗಾಜು ಹೊತ್ತ ಚಾಪ್ಲಿನ್ ಏನೂ ಅರಿಯದವನಂತೆ ಬರುವುದು.

ಇದನ್ನು ಏಕೆ ಇಷ್ಟು ಬಿಡಿಸಿ ಹೇಳಿದೆ ಎಂದರೆ, ಈ ನಗುವಿನ ಹೊತ್ತಿನಲ್ಲೇ ಅವರಿಬ್ಬರೂ ತಂದೆ ಮಗ ಆಗಿಬಿಡುತ್ತಾರೆ. ಯಾರೂ ಯಾರಿಗೂ ಪ್ರೀತಿ ಅಂತ ಹೇಳುವುದಿಲ್ಲ. ಹಾಗಾಗಿ ಅನಾಥಾಲಯದವರು ಬಂದು ಹುಡುಗನನ್ನು ಲಾರಿಗೆ ಹಾಕಿಕೊಂಡು ಹೊರಟಾಗ, ಹುಡುಗ ಎರಡೂ ಕೈ ಚಾಚಿ ಅಳುವಾಗ, ನಮ್ಮ ಮನೆಯಲ್ಲಿ ಒಬ್ಬರೂ ಮಾತಾಡಲಿಲ್ಲ. ಚಾಪ್ಲಿನ್ ಛಾವಣಿಯಿಂದ ಛಾವಣಿಗೆ ಏರಿ ಇಳಿದು ಓಡಿ ಲಾರಿಗೆ ಧುಮುಕುತ್ತಾನೆ. ಹುಡುಗನನ್ನು ಅಪ್ಪಿ ಮುದ್ದಿಡುತ್ತಾನೆ. ಸರಿ, ಇಲ್ಲಿ ಇನ್ನೊಂದು ನಿಮಿಷ ಅಳಿಸಬಹುದಿತ್ತಲ್ಲ? ಚಾಪ್ಲಿನ್ ಅಳಿಸುವುದಿಲ್ಲ. ಹೆದರಿ ಓಡುತ್ತಿರುವ ಲಾರಿಯ ಚಾಲಕ ಹಿಂತಿರುಗಿ ನೋಡಿದಾಗೆಲ್ಲ ಇವನು ಕಾಲು ಬಡಿದು ಬೆದರಿಸುತ್ತಾನೆ, ಅವನು ಮತ್ತೆ ಓಡುತ್ತಾನೆ. ಕಣ್ಣಲ್ಲಿ ನೀರು ಇರುವಾಗಲೇ ನಾವು ನಕ್ಕೆವು.

(ಕೊನೆಯ ಹೊತ್ತಿಗೆ ಬರುವ ಸ್ವರ್ಗದ ಕನಸು ಮಾತ್ರ ನನಗೆ ಹಿಡಿಸಲಿಲ್ಲ. ರೆಕ್ಕೆ ಕಟ್ಟಿಕೊಂಡು ಹಾರುವ ನಾಯಿ! ಮೊಮ್ಮಗಳಿಗೆ ಅದೇ ಎಲ್ಲಕ್ಕಿಂತ ಇಷ್ಟವಾಯಿತಂತೆ.)

ಹುಡುಗನ ಪಾತ್ರ ಮಾಡಿದವನು ಜಾಕಿ ಕೂಗನ್. ಅಳುವ ದೃಶ್ಯದ ದಿನ ಅವನಿಗೆ ಅಳುವೇ ಬರಲೊಲ್ಲದು. ಕೊನೆಗೆ ಅವನ ಅಪ್ಪ, ಅಳದಿದ್ದರೆ ನಿಜವಾಗಿಯೂ ನಿರ್ಗತಿಕರ ಆಶ್ರಯಕ್ಕೆ ಕಳಿಸುತ್ತೇವೆ ಎಂದು ಹೆದರಿಸಿದರಂತೆ. ಹುಡುಗ ಗಳಗಳನೆ ಅತ್ತ. ಚಾಪ್ಲಿನ್‌ಗೆ ಸಂಕಟವಾಗಿ ಅವನನ್ನು ಎತ್ತಿ ಸಮಾಧಾನ ಮಾಡಲು ಹೋದರೆ, ಅಪ್ಪ ತಮಾಷೆಗೆ ಹೇಳಿದ್ದು ಅಂತ ನನಗೆ ಗೊತ್ತಿತ್ತು ಎಂದು ಹುಡುಗನೇ ಕಿವಿಯಲ್ಲಿ ಪಿಸುಗುಟ್ಟಿದನಂತೆ. ಚಾಪ್ಲಿನ್ ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾನೆ.

ಅದೇ ಆತ್ಮಕಥೆಯಲ್ಲಿ ಆ ಕುರಿಯೂ ಬರುತ್ತದೆ. ಚಾಪ್ಲಿನ್ ಲಂಡನ್ನಿನ ಬಡ ಕೇರಿಯ ಹುಡುಗ. ಏಳು ವರ್ಷದವನಿದ್ದಾಗ, 1896ರಲ್ಲಿ, ತಾಯಿ ಮತ್ತು ಅಣ್ಣನೊಂದಿಗೆ ನಿರ್ಗತಿಕರ ಆಶ್ರಯಕ್ಕೆ ಸೇರಬೇಕಾಗಿ ಬಂದಿತ್ತು. ಅವನ ಬಾಲ್ಯದ ಒಂದು ಮನೆಯ ಬೀದಿಯ ಕೊನೆಯಲ್ಲಿ ಕಸಾಯಿಖಾನೆ. ಒಂದು ದಿನ ಅಲ್ಲಿಗೆ ಹೊಡೆದುಕೊಂಡು ಹೋಗುತ್ತಿದ್ದ ಕುರಿಯೊಂದು ತಪ್ಪಿಸಿಕೊಂಡಿತು. ಹಿಡಿಯಲು ಹೋದವರು ಒಬ್ಬರ ಮೇಲೊಬ್ಬರು ಬಿದ್ದರು. ಬೀದಿಗೆ ಬೀದಿಯೇ ನಕ್ಕಿತು, ಚಿಕ್ಕ ಚಾರ್ಲಿಯೂ ಕೇಕೆ ಹಾಕಿ ನಕ್ಕ. ಕೊನೆಗೆ ಕುರಿ ಸಿಕ್ಕಿತು. ಅದನ್ನು ಕಸಾಯಿಖಾನೆಯ ಕಡೆಗೆ ಒಯ್ಯುವುದನ್ನು ಕಂಡಾಗ ಅವನಿಗೆ ಹೊಳೆಯಿತು. ಅದನ್ನು ಕೊಂದುಬಿಡುತ್ತಾರೆ ಎಂದು ಅಳುತ್ತಾ ಅಮ್ಮನ ಹತ್ತಿರ ಓಡಿದ. ತನ್ನ ಚಿತ್ರಗಳಲ್ಲಿ ನಗುವೂ ದುಃಖವೂ ಕೂಡಿ ಬರುವುದಕ್ಕೆ ಆ ದಿನವೇ ಬೀಜವಾಯಿತೋ ಏನೋ ಎಂದು ಬರೆದುಕೊಂಡಿದ್ದಾನೆ.

ಕುರಿಯ ಕಥೆ ಕೇಳಿ ಮೊಮ್ಮಗಳು ಬಹಳ ಹೊತ್ತು ಸುಮ್ಮನಿದ್ದಳು. ಅಡುಗೆಮನೆಯ ಕಡೆ ಒಮ್ಮೆ ನೋಡಿದಳು.

‘ದಿ ಕಿಡ್’ ಮಾಡುತ್ತಿದ್ದಾಗ ಹೆಸರಾಂತ ಲೇಖಕನೊಬ್ಬ, ಬಿದ್ದೆದ್ದು ನಗಿಸುವ ಚಿತ್ರ ಮಾಡು, ಇಲ್ಲವೇ ಮನ ಕಲಕುವ ಚಿತ್ರ ಮಾಡು, ಎರಡನ್ನೂ ಬೆರೆಸಿದರೆ ಒಂದು ಕೆಡುತ್ತದೆ ಎಂದು ಚಾಪ್ಲಿನ್‌ಗೆ ಎಚ್ಚರಿಸಿದ್ದನಂತೆ. ಆತ ಹೇಳಿದ್ದರಲ್ಲಿ ಹುರುಳಿಲ್ಲ ಎನ್ನಲಾರೆ. ನಮ್ಮ ಹುಡುಗಿಯ ಎರಡೂ ಪ್ರತಿಗಳು ಕೆಟ್ಟದ್ದನ್ನು ನಾನೇ ನೋಡಿದ್ದೆ. ಬೆರೆಸುವುದಕ್ಕೂ ಒಂದು ಹದ ಬೇಕು. 1931ರ ‘ಸಿಟಿ ಲೈಟ್ಸ್’ನ ಒಂದು ದೃಶ್ಯ ಹೇಳಿದೆ. ಹೂ ಮಾರುವ ಹುಡುಗಿಗೆ ಕಣ್ಣು ಕಾಣದು ಎಂದು ಅಲೆಮಾರಿಗೆ ಆಗಷ್ಟೇ ತಿಳಿದಿದೆ. ಸದ್ದಾಗದಂತೆ ಹತ್ತಿರ ಕುಳಿತು ಅವಳನ್ನೇ ನೋಡುತ್ತಿದ್ದಾನೆ. ನಮ್ಮ ಗಂಟಲು ಕಟ್ಟಿಬರುತ್ತದೆ. ಅಷ್ಟರಲ್ಲಿ ಹುಡುಗಿ ಪಾತ್ರೆ ತೊಳೆದ ನೀರನ್ನು ಎರಚುತ್ತಾಳೆ, ಅದು ನೇರ ಅವನ ಮುಖಕ್ಕೆ! ಅವನು ಕೂಗುವಂತಿಲ್ಲ. ಬೆಕ್ಕಿನ ಹೆಜ್ಜೆ ಇಟ್ಟು ಹೊರಟುಹೋಗುತ್ತಾನೆ. ದುಃಖ ಹಳಸುವ ಮೊದಲೇ ಒಂದು ಪಾತ್ರೆ ನೀರು. ಅವನ ಪ್ರೀತಿಗೆ ಅದರಿಂದ ಒಂದಿಷ್ಟೂ ಕುಂದಾಗಲಿಲ್ಲ ನೋಡಿ.

1925ರ ‘ಗೋಲ್ಡ್ ರಷ್’ನಲ್ಲಿ ಇದರ ತಿರುಗುಮುರುಗು. ಹೊಸ ವರ್ಷದ ರಾತ್ರಿ ಊಟಕ್ಕೆ ಕರೆದ ಗೆಳತಿಯರಿಗಾಗಿ ಕಾಯುತ್ತಾ ಅಲೆಮಾರಿ ಎರಡು ಬನ್ನಿಗೆ ಎರಡು ಫೋರ್ಕು ಚುಚ್ಚಿ ಪುಟ್ಟ ಕಾಲುಗಳಂತೆ ಮೇಜಿನ ಮೇಲೆ ಕುಣಿಸುತ್ತಾನೆ. ಅಷ್ಟು ಚೆಂದದ ಹಾಸ್ಯ ನಾನು ಬೇರೆ ನೋಡಿಲ್ಲ. ಆದರೆ ಅದು ಅವನ ನಿದ್ದೆಯ ಕನಸು. ಎಚ್ಚರವಾದಾಗ ನಡುರಾತ್ರಿ, ಯಾರೂ ಬಂದಿಲ್ಲ.

“ಹಾಗಾದ್ರೆ ನಂದ್ರಲ್ಲಿ ಏನು ತಪ್ಪಾಯ್ತು ತಾತ? ನಾನೂ ನಗಿಸಿದೆನಲ್ಲ?”

ಇದಕ್ಕೆ ಚಾಪ್ಲಿನ್ ಬೇಕಾಗಲಿಲ್ಲ, ಯಕ್ಷಗಾನವೇ ಸಾಕಾಯಿತು. ಹರಿಶ್ಚಂದ್ರನ ಕಥೆಯಲ್ಲಿ ಸಾಲ ವಸೂಲಿಗೆ ಬೆನ್ನು ಹತ್ತುವ ನಕ್ಷತ್ರಿಕ ನೆನಪಿದೆಯೇ? ಅದು ಹಾಸ್ಯಗಾರನ ಪಾಲಿನ ಪಾತ್ರ. ಬಿಸಿಲೆಂದು ಕೂರುತ್ತಾನೆ, ಹಸಿವೆಂದು ಗೋಳು ಹುಯ್ಯುತ್ತಾನೆ, ನಾವು ನಗುತ್ತೇವೆ. ಪಕ್ಕದಲ್ಲಿ ರಾಜ್ಯ ಕಳೆದುಕೊಂಡ ರಾಜ, ಹೆಂಡತಿ, ಮಗು ಬರಿಗಾಲಲ್ಲಿ ನಡೆಯುತ್ತಿದ್ದಾರೆ. ಅವರ ಕಡೆ ನೋಡಿ ಯಾರೂ ನಗುವುದಿಲ್ಲ. “ನಿನ್ನ ಕಥೆಯಲ್ಲಿ ಎಲ್ಲರೂ ಯಾರನ್ನು ನೋಡಿ ನಗ್ತಾರೆ?” ಎಂದೆ. ಉತ್ತರ ಬರಲಿಲ್ಲ. “ಸರಿ, ಆ ಅಜ್ಜಿಗೆ ಕನ್ನಡಕ ಯಾತಕ್ಕೆ ಬೇಕಿತ್ತು?”

“ಯಾತಕ್ಕೆ ಅಂದ್ರೆ... ಸುಮ್ನೆ. ಹುಡುಕೋಕೆ.”

ಒಳಗಿನಿಂದ ನನ್ನಾಕೆಯ ದನಿ: “ಯಾತಕ್ಕೆ ಅಂದ್ರೇನೇ? ನಿಮ್ಮಮ್ಮ ಹಾಸ್ಟೆಲಿನಿಂದ ಬರೆದ ಕಾಗದ ಓದೋಕೆ!”

ಅವಳ ಕಬ್ಬಿಣದ ಪೆಟ್ಟಿಗೆಯಲ್ಲಿ ಅಂಥ ನೀಲಿ ಇನ್‌ಲ್ಯಾಂಡ್ ಕಾಗದಗಳ ಒಂದು ಕಟ್ಟೇ ಇದೆ. ಅವತ್ತು ಸಂಜೆ ಪೆಟ್ಟಿಗೆ ತೆರೆಯಿತು. ಅಜ್ಜಿ ಮೊಮ್ಮಗಳು ಚಾಪೆ ಹಾಸಿಕೊಂಡು ಕುಳಿತು ಮೂರನೆಯ ಸಲ ಬರೆದರು. ನನ್ನನ್ನು ಹತ್ತಿರ ಸೇರಿಸಲಿಲ್ಲ. “ನನ್ನ ತಮಾಷೆ ನಾನೇ ಮಾಡ್ಕೋತೀನಿ” ಎಂಬುದು ಅಜ್ಜಿಯ ಷರತ್ತು.

ಈಗ ಸಕ್ಕರೆ ಸಾರು ಮೊದಲ ದೃಶ್ಯ. ಕನ್ನಡಕದ ಹುಡುಕಾಟ ಎರಡನೆಯದು, ಆದರೆ ಅಜ್ಜಿಯ ಕೈಯಲ್ಲಿ ಒಂದು ಮಡಿಸಿದ ಕಾಗದ ಇದೆ, ಏನೆಂದು ನಮಗೆ ತಿಳಿಯದು. ಮೂರನೆಯದರಲ್ಲಿ ಅಜ್ಜಿ ಕಿಟಕಿಯ ಬಳಿ ಕುಳಿತು ಅದನ್ನು ಓದುತ್ತಾಳೆ. ಓದುತ್ತಾ ಓದುತ್ತಾ ಮಗಳ ಹೆಸರು ಹಿಡಿದು ಕೂಗುತ್ತಾಳೆ. ಮೊಮ್ಮಗಳು ‘ನಾನು ಅವಳಲ್ಲ’ ಎನ್ನಲು ಬಾಯಿ ತೆರೆದವಳು ಕಾಗದ ನೋಡುತ್ತಾಳೆ. ಸ್ವಲ್ಪ ತಡೆದು, “ಏನಮ್ಮಾ?” ಎಂದು ಬಂದು ಕೂರುತ್ತಾಳೆ. ಅಷ್ಟಕ್ಕೇ ಮುಗಿಸಿದ್ದಳು ಹುಡುಗಿ. ಅಜ್ಜಿ ಒಪ್ಪಲಿಲ್ಲ, ಇನ್ನೊಂದು ಮಾತು ಸೇರಿಸಿದಳು. ಅಜ್ಜಿ ಕನ್ನಡಕ ಕೆಳಗಿಳಿಸಿ ನೋಡುತ್ತಾಳೆ: “ನೀನ್ಯಾಕೆ ಬಂದೆ? ನಾನು ಕರೆದದ್ದು ನಿಮ್ಮಮ್ಮನ್ನ!”

ನಾಯಿಯ ಹೆಸರು ಹೊಡೆದುಹಾಕಿದ್ದಾರೆ. ನಿಜವಾಗಿ ಕರೆದದ್ದು ಯಾರನ್ನು ಎಂದು ನನ್ನಾಕೆಯನ್ನು ಕೇಳಿದೆ. “ಸಿನಿಮಾದಲ್ಲಿ ತಾನೇ? ನೋಡಿದವರು ಹೇಳ್ಕೊಳ್ಳಲಿ” ಎಂದಳು.

ಬರುವ ಭಾನುವಾರ ಚಿತ್ರೀಕರಣ. ಅಜ್ಜಿಯ ಪಾತ್ರ ಯಾರದೆಂದು ಬೇರೆ ಹೇಳಬೇಕೆ? ನನಗೂ ಒಂದು ಕೆಲಸ ಸಿಕ್ಕಿದೆ. ಎಲ್ಲರ ಹೆಸರನ್ನೂ ದಪ್ಪ ಅಕ್ಷರದಲ್ಲಿ ರಟ್ಟಿನ ಮೇಲೆ ಬರೆದು ಫೋನಿನ ಹಿಂದೆ ಹಿಡಿದು ನಿಲ್ಲಬೇಕು. ನಿನ್ನೆ ರಾತ್ರಿಯೇ ಬರೆದು ಇಟ್ಟಿದ್ದೇನೆ. ಮೊಮ್ಮಗಳ ಹೆಸರು ಎಲ್ಲಕ್ಕಿಂತ ಮೇಲೆ, ಕೆಂಪು ಸ್ಕೆಚ್ ಪೆನ್ನಿನಲ್ಲಿ.